ಕಂಪ್ಯೂಟರ್ ಏಳ್ತಾ ಇಲ್ಲ, ಮೇಡಂ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಬಾಂದ್ರಾದ ಒಂದು ಕಂಪನಿಯಲ್ಲಿ ಕಂಪ್ಯೂಟರ್ ರಿಪೇರಿ ಇಂಜಿನಿಯರ್ ಆಗಿದ್ದೆ. ಬೆಂಗಳೂರಿನಿಂದ ಬಂದವಳು. ಹೆಗಲಿಗೆ ಟೂಲ್ ಬ್ಯಾಗ್ ಹಾಕಿಕೊಂಡು ಲೋಕಲ್ ರೈಲು ಹತ್ತಿದರೆ ವಾರಕ್ಕೊಂದಾದರೂ, ಮನೆಗೆ ಹೋಗಿ ಹೇಳಿಕೊಂಡು ನಗುವಂಥದ್ದು ನಡೆದೇ ನಡೆಯುತ್ತಿತ್ತು.

ಸಾಬ್ ಬರಲಿ

ಮಲಾಡ್‌ನ ಒಂದು ಔಷಧಿ ಏಜೆನ್ಸಿ. ಕಂಪ್ಯೂಟರ್ ಹಾಕಿದರೆ 'ಕೀಬೋರ್ಡ್ ಇಲ್ಲ' ಅಂತ ತೋರಿಸಿ ಅಲ್ಲೇ ನಿಂತುಬಿಡುತ್ತಿತ್ತು. ಹಿಂದೆ ಬಗ್ಗಿ ನೋಡಿದೆ. ಕೀಬೋರ್ಡಿನ ವೈರ್ ಸಡಿಲವಾಗಿತ್ತು. ಒತ್ತಿದೆ, ಶುರುವಾಯಿತು.

ಹೆಡ್ ಕ್ಲಾರ್ಕ್ ಓಡಿ ಬಂದರು. "ಅರೆ, ಯಾಕೆ ಮುಟ್ಟಿದ್ರಿ? ಇಂಜಿನಿಯರ್ ಸಾಬ್ ಬರ್ತಾ ಇದಾರೆ!"

"ನಾನೇ ಇಂಜಿನಿಯರ್."

ಅವರು ನನ್ನನ್ನೂ ನನ್ನ ಸೀರೆಯನ್ನೂ ನೋಡಿ ನಕ್ಕರು. ಕುರ್ಚಿ ಕೊಟ್ಟರು, ಚಹಾ ತರಿಸಿದರು. ಆಮೇಲೆ ಮೆಲ್ಲಗೆ ಹೇಳಿದರು: "ಸರಿಯಾಗಿರೋದನ್ನ ನೋಡೋಕೆ ಸಾಬ್‌ನ ಅಷ್ಟು ದೂರದಿಂದ ಕರೆಸಿದ ಹಾಗಾಗುತ್ತೆ. ಮೊದಲು ಹೇಗಿತ್ತೋ ಹಾಗೇ ಮಾಡಿಬಿಡಿ, ಬೆಹನ್‌ಜಿ."

ಜೋಪಾನ

ಬೊರಿವಲಿಯ ಒಂದು ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಮೈಸೂರಿನವರು, ಬಹಳ ಶಿಸ್ತಿನ ಮನುಷ್ಯ. ಅವರ ಕಂಪ್ಯೂಟರಿಗೆ ಹಾರ್ಡ್ ಡಿಸ್ಕ್ ಇರಲಿಲ್ಲ. ಪ್ರತಿ ಸಲ ಒಂದು ಫ್ಲಾಪಿ ಹಾಕಿದರೇನೇ ಅದು ಶುರುವಾಗುತ್ತಿತ್ತು. "ಇದರ ಪ್ರಾಣ ಈ ಫ್ಲಾಪಿಯಲ್ಲಿದೆ ಸಾರ್, ಜೋಪಾನ" ಅಂತ ಹೇಳಿ, ಇನ್ನೊಂದು ಕಾಪಿಯನ್ನೂ ಮಾಡಿಕೊಟ್ಟಿದ್ದೆ.

ಸೊಸೈಟಿಯ ಚುನಾವಣೆಯ ಭಾನುವಾರ ಬೆಳಿಗ್ಗೆ ಮನೆಗೆ ಫೋನ್ ಬಂತು. "ತಕ್ಷಣ ಬನ್ನಿ, ಕಂಪ್ಯೂಟರ್ ಏಳ್ತಾ ಇಲ್ಲ. ಮತದಾರರ ಪಟ್ಟಿ ಪ್ರಿಂಟ್ ಆಗಬೇಕು. ಕೆಳಗೆ ಎರಡೂ ಪಾರ್ಟಿಯವರು ಜಗಳಕ್ಕೆ ನಿಂತಿದ್ದಾರೆ."

"ಫ್ಲಾಪಿ ಹಾಕಿದ್ರಾ ಸಾರ್?"

"ಅದು ಬ್ಯಾಂಕ್ ಲಾಕರ್‌ನಲ್ಲಿದೆಯಮ್ಮ. ನೀವೇ ಪ್ರಾಣ ಅಂದ್ರಲ್ಲ!"

"ಹೋಗಲಿ, ಇನ್ನೊಂದು ಮಾಡಿಕೊಟ್ಟಿದ್ದೆನಲ್ಲ?"

"ಅದೂ ಪ್ರಾಣಾನೇ ಅಲ್ವೇ? ಎರಡನ್ನೂ ಒಟ್ಟಿಗೇ ಇಟ್ಟಿದ್ದೀನಿ."

ಪೆಟ್ಟಿನ ಮದ್ದು

ಗೋರೆಗಾಂವ್‌ನಲ್ಲಿ ಒಂದು ಸಿದ್ಧ ಉಡುಪಿನ ಎಕ್ಸ್‌ಪೋರ್ಟ್ ಕಂಪನಿ. ಬಾಗಿಲಲ್ಲಿ ಲಾರಿ ತುಂಬಿ ನಿಂತಿದೆ, ಪ್ಯಾಕಿಂಗ್ ಲಿಸ್ಟ್ ಇಲ್ಲದೆ ಬಂದರಿಗೆ ಹೋಗುವಂತಿಲ್ಲ, ಲಿಸ್ಟ್ ಇರುವ ಕಂಪ್ಯೂಟರ್ ಏಳುತ್ತಿಲ್ಲ. ಮ್ಯಾನೇಜರ್ ಅಳುವುದೊಂದು ಬಾಕಿ.

ಆಗಿನ ಕೆಲವು ಹಾರ್ಡ್ ಡಿಸ್ಕುಗಳಿಗೆ ಒಂದು ರೋಗವಿತ್ತು. ರಾತ್ರಿಯೆಲ್ಲಾ ತಣ್ಣಗಿದ್ದರೆ ಒಳಗಿನ ತಟ್ಟೆ ಅಂಟಿಕೊಂಡು ತಿರುಗುತ್ತಿರಲಿಲ್ಲ. ಬೇರೆ ದಾರಿ ಕಾಣದೆ ಡಬ್ಬದ ಪಕ್ಕಕ್ಕೆ ಅಂಗೈಯಿಂದ ಒಂದು ಏಟು ಕೊಟ್ಟೆ. ಗುರ್ ಅಂತ ತಿರುಗಿತು. ಲಾರಿ ಹೊರಟಿತು.

"ಹೊಸ ಡಿಸ್ಕ್ ಬರೋಕೆ ಹದಿನೈದು ದಿನ ಬೇಕು. ಅಲ್ಲೀವರೆಗೆ ದಿನಾ ಬೆಳಿಗ್ಗೆ ಹೀಗೆ ಒಂದೇ ಒಂದು ಏಟು" ಎಂದೆ.

ಮ್ಯಾನೇಜರ್ ಮರುದಿನ ಹೊಡೆದರು, ಏಳಲಿಲ್ಲ. ಟೈಪಿಸ್ಟ್ ಹೊಡೆದಳು, ಇಲ್ಲ. ಕೊನೆಗೆ ಗೇಟಿನಿಂದ ವಾಚ್‌ಮನ್‌ನನ್ನು ಕರೆದರು. ಬಿಜಾಪುರದ ಕಡೆಯ ಗಟ್ಟಿ ಆಳು. ಅವನು ಕಂಪ್ಯೂಟರನ್ನೇ ಸ್ವಲ್ಪ ಹೊತ್ತು ನೋಡಿ, "ಏನ್ ತಪ್ಪ ಮಾಡ್ಯದರಿ ಅದು?" ಅಂದನಂತೆ. ಆಮೇಲೆ ಒಂದು ಕೊಟ್ಟ. ಎದ್ದಿತು. ಅಂದಿನಿಂದ ಬೆಳಿಗ್ಗೆ ಒಂಬತ್ತಕ್ಕೆ ಅದು ಅವನದೇ ಡ್ಯೂಟಿಯಾಯಿತು.

ಹದಿನೈದು ದಿನಕ್ಕೆ ನಾನು ಹೋಗಿ ಹೊಸ ಡಿಸ್ಕ್ ಹಾಕಿ ಬಂದೆ. ಒಂದು ತಿಂಗಳು ಕಳೆದು ಪ್ರಿಂಟರ್ ನೋಡಲು ಹೋದರೆ, ಒಂಬತ್ತು ಗಂಟೆಗೆ ಸರಿಯಾಗಿ ವಾಚ್‌ಮನ್ ಲಾಠಿ ಸಮೇತ ಒಳಗೆ ಬಂದ.

ನನಗೆ ಗಾಬರಿ. "ಅಯ್ಯೋ, ಇನ್ನೂ ಹೊಡೀತೀಯೇನಪ್ಪ? ಅದು ಹೊಸಾದು!"

"ಇಲ್ಲರಿ ಬಾಯಾರ, ಹೊಡೆಯೂದು ಬಿಟ್ಟು ತಿಂಗಳಾತು" ಅಂದ. "ಈಗ ಬರೇ ಎದುರಿಗೆ ನಿಂದರ್ತೀನಿ. ತಾನಾಗೇ ಏಳ್ತದ."