ಗೆರೆ ಮೇಲಿನ ಕರಿಬೇವು

ನಮ್ಮ ಕಾಕಾ ಅವರನ್ನು ಯಾರಾದರೂ ಜಗಳಗಂಟರೆಂದರೆ ನಾನು ಸುತರಾಂ ಒಪ್ಪುವುದಿಲ್ಲ. ಅವರು ಯಾರೊಂದಿಗೂ ಸುಮ್ಮಸುಮ್ಮನೆ ಜಗಳ ತೆಗೆದವರಲ್ಲ. ನಡುವೆ ಒಂದು ಗೆರೆ ಇರಬೇಕು, ಅಷ್ಟೇ! ಗೆರೆ ಇಲ್ಲದಿದ್ದರೆ? ತಾವೇ ಎಳೆದುಕೊಂಡು ಜಗಳಾಡುವಷ್ಟು ಸ್ವಾವಲಂಬಿಗಳು.

ಬಸ್ಸು ಹತ್ತಿದರೆ ಕಾಕಾ ಮೊದಲು ನೋಡುವುದು ಸೀಟಿನ ನಡುವಿನ ಹೊಲಿಗೆಯನ್ನು. ಒಮ್ಮೆ ಲಕ್ಷ್ಮೇಶ್ವರದ ಬಸ್ಸಿನಲ್ಲಿ ಪಕ್ಕದ ಭಾರೀ ಆಸಾಮಿಯೊಬ್ಬರು ಹೊಲಿಗೆ ದಾಟಿ ನಿದ್ದೆ ಹೋದರು. ಕಾಕಾ ಅವರನ್ನು ತಟ್ಟಿ ಎಬ್ಬಿಸಿ, "ನಿಮ್ಮ ತೊಡಿ ನಮ್ಮ ಹದ್ದಿನ್ಯಾಗ ಬಂದೈತ್ರಿ" ಎಂದರು. ಆ ಆಸಾಮಿ ಕಣ್ಣು ಪೂರ್ತಿ ತೆರೆಯದೆಯೇ, "ಮುಂದಿನ ಸಲ ಮನ್ಯಾಗ ಇಟ್ಟು ಬರ್ತೀನ್ರಿ" ಎಂದು ಮತ್ತೆ ಗೊರಕೆ ಹೊಡೆದರು.

ಹದ್ದು ಎಂದರೆ ನಮ್ಮ ಕಡೆ ಗಡಿ. ಮನೆಯಲ್ಲಿ 'ಹದ್ದಿನ ಜಗಳ' ಎಂಬ ಮಾತು ಕೇಳಿದಾಗಲೆಲ್ಲ ಚಿಕ್ಕಂದಿನಲ್ಲಿ ನಾನು ಆಕಾಶ ನೋಡುತ್ತಿದ್ದೆ. ಗದಗ ಹೊಸ ಜಿಲ್ಲೆಯಾದಾಗ ಊರೆಲ್ಲ ಪೇಢೆ ಹಂಚುತ್ತಿದ್ದರೆ, ಕಾಕಾ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅಣ್ಣಿಗೇರಿ ದಾರಿ ಹಿಡಿದರು. ಧಾರವಾಡ ಜಿಲ್ಲೆ ಎಲ್ಲಿ ಮುಗಿದು ನಮ್ಮದು ಎಲ್ಲಿ ಶುರುವಾಗುತ್ತದೆಂದು ಕಣ್ಣಾರೆ ನೋಡಬೇಕಿತ್ತಂತೆ! ದಾರಿಯಲ್ಲಿ ಸಿಕ್ಕ ಕುರಿ ಕಾಯುವವನನ್ನು ವಿಚಾರಿಸಿದರು. "ನನಗ ಗೊತ್ತಿಲ್ರಿ ಯಪ್ಪಾ, ಕುರಿ ಎರಡೂ ಕಡೆ ಮೇಯ್ತಾವು" ಎಂದನಾತ. ಅಂದಿನಿಂದ ಕಾಕಾಗೆ ಕುರಿಗಳ ಮೇಲೆ ಒಳ್ಳೆಯ ಅಭಿಪ್ರಾಯವಿಲ್ಲ.

ಇಂಥವರಿಗೆ ಬೆಟಗೇರಿಯಲ್ಲಿ ನೆರೆಮನೆಯವರಾಗಿ ಸಿಕ್ಕವರು ಗಾದಿ ಅಂಗಡಿಯ ಸಾಹೇಬರು. ಎರಡು ಮನೆಗಳ ಹಿತ್ತಿಲ ನಡುವೆ ಗೇಣಗಲದ ಜಾಗ, ಅದರಲ್ಲೊಂದು ಕರಿಬೇವಿನ ಗಿಡ. ಆ ಗೇಣು ಯಾರದು? ನೇಕಾರರಾದ ಕಾಕಾ ಮಗ್ಗದ ನೂಲು ಹಿಡಿದು ಅಳೆದರು, ಸಾಹೇಬರು ಗಾದಿ ಹೊಲಿಯುವ ದಾರ ಹಿಡಿದು ಅಳೆದರು. ನೇಕಾರರ ನೂಲು ಸಾಹೇಬರ ಕಡೆ ಜಗ್ಗಿತು, ಸಾಹೇಬರ ದಾರ ನಮ್ಮ ಕಡೆ ಜಗ್ಗಿತು.

"ಸಾಹೇಬ್ರ, ನಿಮ್ಮ ದಾರ ಭಾಳ ಸಡ್ಲ ಐತಿ."

"ನಿಮ್ಮ ನೂಲು ಭಾಳ ಬಿಗಿ ಐತ್ರಿ, ಅಣ್ಣಾರ. ನಿಮ್ಮಂಗನ!"

ಅಲ್ಲಿಗೆ ಮಾತು ನಿಂತಿತು. ಒಗ್ಗರಣೆ ಮಾತ್ರ ನಿಲ್ಲಲಿಲ್ಲ. ಆ ಕಡೆಯಿಂದ ಸಾಹೇಬರ ಹೆಂಡತಿ ಭಾಬಿ, ಈ ಕಡೆಯಿಂದ ನಮ್ಮ ಕಾಕು, ಒಂದೇ ಗಿಡದ ಸೊಪ್ಪು ಕೀಳುತ್ತ ಗಂಡಂದಿರಿಬ್ಬರನ್ನೂ ಸಮನಾಗಿ ಬೈದುಕೊಳ್ಳುತ್ತಿದ್ದರು. ಹೋದ ವರ್ಷ ಭಾಬಿ ತೀರಿಕೊಂಡರು. ಅಂದು ಕಾಕಾ ಮಣ್ಣಿಗೆ ಹೋಗಿ ಬಂದರು, ಆದರೆ ಸಾಹೇಬರೊಂದಿಗೆ ಒಂದು ಮಾತೂ ಆಡಲಿಲ್ಲ. ಏನು ಮಾತಾಡಬೇಕೆಂದು ತಿಳಿಯಲಿಲ್ಲವೋ ಏನೋ, ಪಾಪ.

ಅಷ್ಟರಲ್ಲಿ ನಮ್ಮೂರಿಗೆ ಪಿಕಲ್‌ಬಾಲ್ ಎಂಬ, ಹಲಗೆಯಂಥ ಬ್ಯಾಟಿನಿಂದ ನೆಟ್ಟಿನಾಚೆ ಚೆಂಡು ಹೊಡೆಯುವ ಆಟ ಬಂತು. ಕಾಕಾ ಅದಕ್ಕೆ ಕೂಡಲೇ ಉಪ್ಪಿನಕಾಯಿ ಆಟ ಎಂದು ನಾಮಕರಣ ಮಾಡಿದರು. ಸಕ್ಕರೆ ಕಾಯಿಲೆಗೆ ದಿನಾ ಬೆವರಬೇಕೆಂದು ಡಾಕ್ಟರು ಹೇಳಿದ್ದರಿಂದ ಆಟದ ಕೋರ್ಟಿಗೆ ಹೋದವರು, ನೆಲದ ಮೇಲಿನ ಬಿಳಿ ಗೆರೆಗಳನ್ನು ಕಂಡು ತವರು ಕಂಡ ಸೊಸೆಯಂತೆ ಅರಳಿದರು! ಎದುರು ಯಾರಿದ್ದರು ಅಂತೀರಿ? ಅದೇ ಡಾಕ್ಟರಿಂದ ಅದೇ ಮಾತು ಕೇಳಿಸಿಕೊಂಡು ಬಂದ ಸಾಹೇಬರು.

ಆ ಆಟದಲ್ಲಿ ನೆಟ್ಟಿನ ಹತ್ತಿರದ ಜಾಗವನ್ನು ಕಿಚನ್ ಎನ್ನುತ್ತಾರೆ. ಅದರೊಳಗೆ ಕಾಲಿಟ್ಟು, ಪುಟಿಯದ ಚೆಂಡನ್ನು ಹೊಡೆದರೆ ತಪ್ಪು. ಇದನ್ನು ನಾನು ಮನೆಯಲ್ಲಿ ವಿವರಿಸಿದಾಗ ಕಾಕು ನಕ್ಕು ಸುಸ್ತಾದರು. "ಹಂಗಾದ್ರ ನಿಮ್ಮ ಕಾಕಾ ಎಂದೂ ಸೋಲೂದಿಲ್ಲ ಬಿಡು. ಮದುವ್ಯಾದಾಗಿಂದ ಅಡಿಗಿಮನ್ಯಾಗ ಕಾಲಿಟ್ಟ ಮನುಷ್ಯಾನ ಅಲ್ಲ!"

ಇನ್ನೊಂದು ನಿಯಮವಿದೆ. ನಮ್ಮ ಕಡೆ ಬಿದ್ದ ಚೆಂಡು ಒಳಗೋ ಹೊರಗೋ ಎಂದು ನಾವೇ ಹೇಳಬೇಕು. ಅನುಮಾನ ಬಂದರೆ ಎದುರಿನವರಿಗೇ ಬಿಟ್ಟುಕೊಡಬೇಕು. "ನನಗ ಅನುಮಾನನ ಬರೂದಿಲ್ಲ" ಎಂದು ಕಾಕಾ ಮೊದಲ ದಿನವೇ ಸಾರಿದರು. ಇನ್, ಔಟ್ ಎಲ್ಲ ಅವರಿಗೆ ಆಗಿಬರದು. ಸಾಹೇಬರ ಚೆಂಡು ಗೆರೆಯ ಆಸುಪಾಸು ಬಿದ್ದರೆ ಸಾಕು, ಕೈಯೆತ್ತಿ "ಹೊರಗ!" ಎಂದು ಗುಡುಗುವರು. ಗೆರೆಯ ಸುಣ್ಣ ಚೆಂಡಿಗೆ ಮೆತ್ತಿದ್ದರೂ "ಹೊರಗ!" ಅವರ ಬಾಯಲ್ಲಿ 'ಒಳಗ' ಎಂಬ ಶಬ್ದವನ್ನು ಕೋರ್ಟಿನಲ್ಲಿ ಯಾರೂ ಕೇಳಿದ್ದಿಲ್ಲ. ಜನ ಅವರನ್ನು 'ಹೊರಗ ಕಾಕಾ' ಎಂದೇ ಕರೆಯತೊಡಗಿದರು. ಸಾಹೇಬರು ವಾದಿಸುತ್ತಿರಲಿಲ್ಲ. ಭಾಬಿ ಹೋದಮೇಲೆ ಅವರು ಯಾವುದಕ್ಕೂ ವಾದಿಸುವುದನ್ನೇ ಬಿಟ್ಟಿದ್ದರು.

ಕೊನೆಗೆ, ಆ ಗೇಣು ಜಾಗ ಅಳೆಯಿರೆಂದು ಕಾಕಾ ಸರ್ಕಾರಕ್ಕೆ ಕೊಟ್ಟಿದ್ದ ಹಳೆಯ ಅರ್ಜಿಗೆ ಜೀವ ಬಂದು ಅಳತೆಯವರು ಹಿತ್ತಿಲಿಗೆ ಬಂದೇಬಿಟ್ಟರು. ಹದ್ದು ಗೊತ್ತಾದ ಕೂಡಲೇ ಗೋಡೆ ಏಳಿಸಬೇಕೆಂದು ಕಾಕಾ ಗೌಂಡಿಯನ್ನೂ ಕರೆಸಿ ಕೂರಿಸಿದ್ದರು. ಟೇಪು ಹಿಡಿದರು, ಹದ್ದಿನ ಕಲ್ಲು ಹುಡುಕಿದರು, ದಾರ ಕಟ್ಟಿದರು. ದಾರ ನೆಟ್ಟಗೆ ಹೋಗಿ ಕರಿಬೇವಿನ ಬೊಡ್ಡೆಯ ನಟ್ಟನಡುವೆ ನಿಂತಿತು!

"ಗಿಡ ತೆಗೀಬೇಕಾಕ್ಕೈತ್ರಿ" ಎಂದು ಗೌಂಡಿ ಕೊಡಲಿ ಹುಡುಕಿದ.

ಸಾಹೇಬರು ತಲೆ ತಗ್ಗಿಸಿದರು. "ಶಿಗ್ಲಿ ತವರುಮನಿಯಿಂದ ಆಕಿ ತಂದು ಹಚ್ಚಿದ್ಲು" ಎಂದರು, ಯಾರಿಗೂ ಅಲ್ಲ, ತಮಗೇ ಎಂಬಂತೆ. ಆಮೇಲೆ, "ಆಗ್ಲಿ, ತಗೀರಿ" ಎಂದರು.

ಕಾಕು ಹಿತ್ತಿಲ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಕಾಕಾ ಬಗ್ಗಿ ದಾರ ನೋಡಿದರು. ಆ ಕಡೆ ಹೋಗಿ ನೋಡಿದರು, ಈ ಕಡೆ ಬಂದು ನೋಡಿದರು. ಕೊನೆಗೆ ಗಂಟಲು ಸರಿಮಾಡಿಕೊಂಡು ಎಂದರು:

"ನನಗ ಅನುಮಾನ ಬಂತು."

ಅಳತೆಯವರು ಉರಿದುಬಿದ್ದರು. "ಎದರಾಗ ಅನುಮಾನ್ರಿ? ದಾರ ಕಣ್ಣಿಗೆ ಕಾಣ್ತೈತಲ್ಲ!"

"ಕಾಣ್ತೈತಿ. ಆದ್ರ ಅನುಮಾನ ಬಂದೈತಿ. ಬಂದ್ಮ್ಯಾಲೆ ಎದುರಿನವ್ರಿಗೆ ಬಿಡಬೇಕು. ಗಿಡ ಸಾಹೇಬ್ರದು. ಗೋಡಿ ಬ್ಯಾಡ."

"ನನಗೂ ಅನುಮಾನ ಐತ್ರಿ ಅಣ್ಣಾರ" ಎಂದರು ಸಾಹೇಬರು ಮೆಲ್ಲಗೆ. "ಗಿಡ ನಿಮ್ಮದು."

"ಇಲ್ರಿ, ನಿಮ್ಮದು!"

"ಇಲ್ಲಿಲ್ಲ, ನಿಮ್ಮದ!"

ಜಗಳ ಮತ್ತೆ ಶುರುವಾಯಿತು! ಅಳತೆಯವರು ಟೇಪು ಸುತ್ತಿಕೊಂಡು, ಇಂಥ ಮಂದಿಯನ್ನು ಎಲ್ಲೂ ಕಂಡಿಲ್ಲವೆಂದು ಗೊಣಗುತ್ತ ಹೋದರು.

ಆಮೇಲೆ ನಡೆದದ್ದನ್ನು ನಾನೇ ಕಣ್ಣಾರೆ ನೋಡಿದೆನೆಂದರೂ ನಮ್ಮ ಬಳಗದಲ್ಲಿ ನಂಬುವವರಿಲ್ಲ. ಕಾಕಾ ಸೀದಾ ಅಡಿಗೆಮನೆಗೆ ಹೋದರು. ಕಾಕು ಬಿಟ್ಟ ಬಾಯಿ ಬಿಟ್ಟಂತೆಯೇ ನಿಂತರು. ಅಲ್ಲಿ ಯಾವ ಪಾತ್ರೆ ಎಲ್ಲಿದೆಯೆಂದು ತಿಳಿಯದೆ ಒಂದೆರಡನ್ನು ಬೀಳಿಸಿ, ಕಾಕು ಮಾಡಿಟ್ಟಿದ್ದ ಕರಿಬೇವಿನ ಒಗ್ಗರಣೆಯ ಬಿಸಿ ಉಪ್ಪಿಟ್ಟನ್ನು ತಾವೇ ತಾಟಿಗೆ ಬಡಿಸಿದರು. ನಂತರ ಹಿತ್ತಿಲ ಬಾಗಿಲಿಗೆ ಬಂದರು.

ಸಾಹೇಬರು ಇನ್ನೂ ಗಿಡದ ಬೊಡ್ಡೆಯ ಮೇಲೆ ಕೈಯಿಟ್ಟುಕೊಂಡು, ದಾರದ ಆ ಕಡೆ ಒಬ್ಬರೇ ನಿಂತಿದ್ದರು. ಮನೆಯೊಳಗೆ ಹೋಗಲು ಅವರಿಗೆ ಮನಸ್ಸಿರಲಿಲ್ಲ. ಹೋದರೆ ಅಲ್ಲಿ ಯಾರಿದ್ದರು?

ಕಾಕಾ ಒಂದು ಕೈಯಲ್ಲಿ ತಾಟು ಹಿಡಿದು, ಇನ್ನೊಂದು ಕೈಯನ್ನು ಕೋರ್ಟಿನಲ್ಲಿ ಎತ್ತುವಂತೆಯೇ ಎತ್ತಿದರು. ಓಣಿಗೆಲ್ಲ ಕೇಳುವಂತೆ ಕೂಗಿದರು:

"ಒಳಗ! ಒಳಗ ಬರ್ರಿ, ಸಾಹೇಬ್ರ."