ಮೇಷ್ಟ್ರ ಮನೆಯ ಗುಪ್ತ ಮತದಾನ

ಪ್ರಜಾಪ್ರಭುತ್ವದ ಬಗ್ಗೆ ನಮ್ಮ ಮೇಷ್ಟ್ರಿಗೆ ಇರುವಷ್ಟು ಕಾಳಜಿ ಪ್ರಜಾಪ್ರಭುತ್ವಕ್ಕೆ ಮೇಷ್ಟ್ರ ಬಗ್ಗೆ ಇದ್ದಿದ್ದರೆ ಅವರಿಗೆ ಈ ಗತಿ ಬರುತ್ತಿರಲಿಲ್ಲ. ಚುನಾವಣೆ ಬಂತೆಂದರೆ ಸಾಕು, ಶಾಲೆಯ ಬೇರೆ ಉಪಾಧ್ಯಾಯರಿಗೆಲ್ಲ ಸೊಂಟನೋವು, ತಲೆಸುತ್ತು, ದೂರದ ನೆಂಟರ ಅನಾರೋಗ್ಯ ಶುರುವಾಗುತ್ತದೆ. ಮೇಷ್ಟ್ರು ಮಾತ್ರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮತಗಟ್ಟೆಗೆ ಹೊರಡುತ್ತಾರೆ. ರಟ್ಟಿನ ಮರೆ ನಿಲ್ಲಿಸಿ, ಅದರ ಹಿಂದೆ ಹೋದವನು ಏನು ಮಾಡಿ ಬಂದ ಎಂದು ಅವನ ಹೆಂಡತಿಗೂ ಗೊತ್ತಾಗದ ಹಾಗೆ ನೋಡಿಕೊಳ್ಳುವುದು ಅವರ ಬಾಳಿನ ದೊಡ್ಡ ಹೆಮ್ಮೆ. ಆ ದಿನ ಅವರು ಅಧ್ಯಕ್ಷಾಧಿಕಾರಿ, ಎಲ್ಲರೂ ಅವರು ಹೇಳಿದ ಹಾಗೆ ಕೇಳುತ್ತಾರೆ. (ಉಳಿದ ದಿನಗಳಲ್ಲಿ ಅವರು ಮನೆಯಲ್ಲಿರುತ್ತಾರೆ.)

ಮನೆಯ ಮುಂದಿನ ಕೋಣೆ ಅವರ ಹೆಂಡತಿಯ ಹೊಲಿಗೆ ಅಂಗಡಿ. ಬೀದಿಯವರು ಆಕೆಯನ್ನು ಟೈಲರಮ್ಮ ಎನ್ನುತ್ತಾರೆ, ಮೇಷ್ಟ್ರನ್ನು ಟೈಲರಮ್ಮನ ಯಜಮಾನರು ಎನ್ನುತ್ತಾರೆ. ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆ ತುಂಬ ನೇತಾಡುವ ತೋಳಿಲ್ಲದ ಫ್ರಾಕುಗಳು, ಕಾಲರಿಲ್ಲದ ಅಂಗಿಗಳು. ಅದರ ಪಕ್ಕಕ್ಕೆ, ಒಂದೇ ಇಟ್ಟಿಗೆಯ ತೆಳು ಗೋಡೆಯ ಆಚೆ, ಒಂದು ಪುಟ್ಟ ಕೋಣೆ. ಒಂದು ಮೇಜು, ಒಂದು ಕುರ್ಚಿ, ಮೊಳೆಗೆ ತಗುಲಿಸಿದ ಕನ್ನಡಿ, ಇಷ್ಟೇ. ಆದರೆ ಆ ಮನೆಯಲ್ಲಿ ಮುಚ್ಚಿದರೆ ಮುಚ್ಚಿಕೊಳ್ಳುವ ಬಾಗಿಲು ಇದ್ದದ್ದು ಅದಕ್ಕೊಂದಕ್ಕೇ. (ಬಚ್ಚಲುಮನೆಯ ಬಾಗಿಲೂ ಮುಚ್ಚುತ್ತದೆ. ಆದರೆ ಒಳಗೆ ಸ್ವಲ್ಪ ತಡವಾದರೆ ಹೊರಗೆ ಸಾಲು ನಿಂತು ಕೆಮ್ಮುತ್ತದೆ.)

ಸಂಜೆ ಶಾಲೆಯಿಂದ ಬಂದ ಮೇಷ್ಟ್ರು "ಪೇಪರ್ ತಿದ್ದಬೇಕು" ಎಂದು ಗಂಭೀರವಾಗಿ ಹೇಳಿ ಆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ತಿದ್ದುತ್ತಿದ್ದದ್ದು ನಿಜ. ಆದರೆ ಅದಕ್ಕೆ ಮೊದಲು ಬೆಲ್ಟು ಸಡಿಲಿಸಿ, ಬೆಳಗಿನಿಂದ ಉಸಿರುಗಟ್ಟಿ ಒಳಗೆಳೆದುಕೊಂಡಿದ್ದ ಹೊಟ್ಟೆಯನ್ನು ಬಂಧಮುಕ್ತಗೊಳಿಸಿ, ಕಾಲನ್ನು ಮೇಜಿನ ಮೇಲೆ ಚಾಚಿ, ಬಾಯಿ ಅರ್ಧ ತೆರೆದು, ಯಾವ ಯೋಚನೆಯೂ ಇಲ್ಲದೆ ಸೂರು ನೋಡುತ್ತ ಕೂರುವ ಒಂದು ಕಾರ್ಯಕ್ರಮವಿತ್ತು. ಅದರಲ್ಲಿ ಅಪರಾಧವೇನೂ ಇಲ್ಲ. ಆದರೂ ಇನ್ನೊಬ್ಬರು ಅದನ್ನು ನೋಡಿಬಿಟ್ಟರೆ ಅವರು ಆ ದಿನವೇ ರಾಜೀನಾಮೆ ಕೊಡಬೇಕಾಗುತ್ತಿತ್ತು. ಶಾಲೆಗೋ ಸಂಸಾರಕ್ಕೋ ಎಂಬುದು ಅವರಿಗೂ ಸ್ಪಷ್ಟವಿರಲಿಲ್ಲ.

ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಾಗ ಟೈಲರಮ್ಮ ಪ್ರಸ್ತಾಪವೊಂದನ್ನು ಮುಂದಿಟ್ಟರು. ಕೆಲಸ ಹೆಚ್ಚಾಗಿದೆ, ಮೂರನೇ ಯಂತ್ರ ಇಡಲು ಜಾಗವಿಲ್ಲ, ಪುಟ್ಟ ಕೋಣೆಯ ಗೋಡೆ ಒಡೆದು ಅಂಗಡಿಗೆ ಸೇರಿಸಿಕೊಂಡರೆ ಹೇಗೆ? ಒಪ್ಪಿಗೆ ಇದ್ದವರು ಕೈ ಎತ್ತಿ. ಮೇಷ್ಟ್ರ ಎದೆ ಧಸಕ್ಕೆಂದಿತು. ಆದರೆ ಹೆಂಡತಿ ತಮ್ಮನ್ನೇ ನೋಡುತ್ತಿದ್ದುದರಿಂದ, ಎದೆಯನ್ನು ಕೇಳದೆ ಅವರ ಕೈ ತಾನಾಗಿ ಮೇಲೆ ಹೋಯಿತು. ಎಲ್ಲರಿಗಿಂತ ಮೊದಲು ಹೋಯಿತು. ಅದನ್ನು ನೋಡಿ ಮೇಷ್ಟ್ರ ತಾಯಿ ಎತ್ತಿದರು, ತಾಯಿಯನ್ನು ನೋಡಿ ಟೈಲರಮ್ಮನ ತಂದೆ, ಅಂದರೆ ಮೇಷ್ಟ್ರ ಮಾವನವರು ಎತ್ತಿದರು, ಕಾಲೇಜಿಗೆ ಹೋಗುವ ಮಗಳು ಎಡಗೈ ಎತ್ತಿದಳು. ಟೈಲರಮ್ಮ ಗಂಡನ ಕೈಯನ್ನೇ ಒಂದು ಗಳಿಗೆ ನೋಡಿ, ಸರಿ ಹಾಗಾದರೆ ಎಂದು ಎದ್ದುಹೋದರು. ಮರುದಿನವೇ ಗಾರೆ ಕೆಲಸದವನು ಬಂದು ಗೋಡೆಗೆ ಬೆರಳು ಬಡಿದು ನೋಡಿ, ಇದು ಅರ್ಧ ದಿನದ ಕೆಲಸ, ಬರುವ ಸೋಮವಾರ ಬರುತ್ತೇನೆ ಎಂದು ಹೇಳಿ ಹೋದ.

ಅವನ ಬೆನ್ನ ಹಿಂದೆಯೇ ಮೇಷ್ಟ್ರ ಕೋಣೆಗೆ ಒಬ್ಬೊಬ್ಬರಾಗಿ ಕಳ್ಳಹೆಜ್ಜೆಯಲ್ಲಿ ಬರತೊಡಗಿದರು. ಮೊದಲು ತಾಯಿ ಬಂದರು. ಅವರ ಹಲ್ಲುಸೆಟ್ಟು ಒಸಡಿಗೆ ಒತ್ತುತ್ತದೆ. ಮಧ್ಯಾಹ್ನ ಆ ಕೋಣೆ ಸೇರಿ, ಸೆಟ್ಟು ತೆಗೆದಿಟ್ಟು ಬಾಯಿಗೆ ರಜೆ ಕೊಡುವುದು ಅವರ ದಿನಚರಿ.

"ಆ ರೂಮು ಹೋದ್ರೆ ನಾನು ಹಲ್ಲು ಎಲ್ಲಿ ತೆಗೀಲೋ? ಬೀಗರ ಎದುರಿಗೆ ಬೊಚ್ಚುಬಾಯಿ ಬಿಟ್ಕೊಂಡು ಕೂರ್ಲಾ?"

ಹಾಗಾದರೆ ಕೈ ಯಾಕೆ ಎತ್ತಿದೆ ಎಂದು ಮೇಷ್ಟ್ರು ಕೇಳಿದರು. ಸೊಸೆ ನೋಡುತ್ತಿದ್ದಳು, ಎತ್ತಿದೆ, ನೀನು ಯಾಕೆ ಎತ್ತಿದೆ ಎಂದು ತಾಯಿ ಕೇಳಿದರು. ಮೇಷ್ಟ್ರು ಪೇಪರಿನ ಕಟ್ಟು ಸರಿಮಾಡಿಕೊಂಡರು.

ಆಮೇಲೆ ಮಾವನವರು ಬಂದರು. ಅವರು ಕಚೇರಿಯಿಂದ ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಹಳೆಯ ಸಾಹೇಬರ ಜೊತೆಗಿನ ಜಗಳ ಇನ್ನೂ ಬಾಕಿಯಿತ್ತು. ಅಂದು ಬಾಯಿಗೆ ಬಾರದ ಉತ್ತರಗಳೆಲ್ಲ ಇಂದು ಬರುತ್ತಿದ್ದುದರಿಂದ, ದಿನವೂ ಆ ಕೋಣೆಯ ಕನ್ನಡಿಯ ಮುಂದೆ ನಿಂತು ಸಾಹೇಬರ ನೀರಿಳಿಸುತ್ತಿದ್ದರು, ಪ್ರತಿದಿನವೂ ಗೆಲ್ಲುತ್ತಿದ್ದರು. ಕೊನೆಗೆ ಮಗಳು ಬಂದಳು. ಅಪ್ಪ, ಆ ಗೋಡೆ ಬೇಕು ಎಂದಳು. ನೀನು ಇಲ್ಲಿ ಏನು ಮಾಡುತ್ತೀಯ ಎಂದು ಮೇಷ್ಟ್ರು ಅಪ್ಪನ ಗತ್ತಿನಲ್ಲಿ ಕೇಳಿದರು.

"ಅದನ್ನ ಹೇಳೋ ಹಾಗಿದ್ರೆ ರೂಮು ಯಾಕೆ ಬೇಕಪ್ಪ?"

ಮೇಷ್ಟ್ರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಮನೆಯಲ್ಲಿರುವುದು ಐದು ಜನ, ನಾಲ್ವರು ತಮ್ಮ ಕಡೆ. ಬಹುಮತವಿದೆ, ಬಾಯಿ ಇಲ್ಲ ಅಷ್ಟೆ. ತಟ್ಟನೆ ಅವರಿಗೆ ಉಪಾಯ ಹೊಳೆಯಿತು. ಅಂದು ಸಂಜೆಯೇ ಹೆಂಡತಿಯ ಮುಂದೆ ನಿಂತು, ಕೈ ಎತ್ತಿಸುವುದು ಹಳೆಯ ಕ್ರಮ, ನಾಗರಿಕ ಜನ ಗುಪ್ತ ಮತದಾನ ಮಾಡುತ್ತಾರೆ, ಹೀಗೆ ಮಾಡಿದರೆ ನಾಳೆ ಯಾರೂ ನಿನ್ನನ್ನು ದೂರುವುದಿಲ್ಲ ಎಂದು ವಿವರಿಸಿದರು. ಟೈಲರಮ್ಮ ಸೂಜಿಗೆ ದಾರ ಪೋಣಿಸುತ್ತಲೇ, ನಿಮ್ಮಿಷ್ಟ ಎಂದರು. ಅಷ್ಟು ಸುಲಭವಾಗಿ ಒಪ್ಪಿದ್ದು ತಮ್ಮ ವಾಕ್ಚಾತುರ್ಯದ ಫಲವೆಂದು ಮೇಷ್ಟ್ರು ನಂಬಿದರು.

ಏರ್ಪಾಡಂತೂ ರಾಷ್ಟ್ರಮಟ್ಟದ್ದು. ಚೀಟಿಯಲ್ಲಿ ಬರೆದರೆ ಅಕ್ಷರದ ಗುರುತು ಸಿಗುತ್ತದೆಂದು ಅಂಗಿಯ ಗುಂಡಿಗಳನ್ನೇ ಮತವೆಂದು ಘೋಷಿಸಲಾಯಿತು. ಪುಟ್ಟ ಕೋಣೆಯೇ ಮತಗಟ್ಟೆ. ಕನ್ನಡಕವಿಲ್ಲದ ತಾಯಿಗೂ ತಿಳಿಯಲೆಂದು ಎರಡು ಬೇರೆ ಬೇರೆ ಪಾತ್ರೆಗಳನ್ನು ಮೇಷ್ಟ್ರು ತಾವೇ ಆರಿಸಿದರು. ಗೋಡೆ ಇರಲಿ ಎನ್ನುವವರಿಗೆ ಗೋಡೆಯಷ್ಟೇ ಗಟ್ಟಿಯಾದ ಸ್ಟೀಲ್ ಡಬ್ಬ, ಗೋಡೆ ಬೀಳಲಿ ಎನ್ನುವವರಿಗೆ ಅಂಗಡಿಯ ಚೂರುಬಟ್ಟೆ ತುಂಬಿದ ಬುಟ್ಟಿ. ಚಿಹ್ನೆಗಳ ಈ ಔಚಿತ್ಯಕ್ಕೆ ಅವರೇ ತಲೆದೂಗಿದರು. ಉಳಿದವರೆಲ್ಲ ಅಂಗಡಿಯಲ್ಲಿ ಬೆಂಚಿನ ಮೇಲೆ ಕೂತರು, ಟೈಲರಮ್ಮ ಯಂತ್ರ ನಿಲ್ಲಿಸಿ ಕೈಕಟ್ಟಿ ಕೂತರು. ಮಾದರಿಯಾಗಲೆಂದು ಅಧ್ಯಕ್ಷಾಧಿಕಾರಿಗಳೇ ಮೊದಲು ಒಳಹೊಕ್ಕರು.

ಬಾಗಿಲು ಹಾಕಿಕೊಂಡು ಒಬ್ಬರೇ ನಿಂತಾಗ ಮೇಷ್ಟ್ರಿಗೆ ಮೈ ಹಗುರವಾಯಿತು. ಮದುವೆಯಾದ ಮೇಲೆ ಮೊದಲ ಸಲ ಹೆಂಡತಿಯ ಮಾತಿಗೆ ಇಲ್ಲ ಎನ್ನುವ ಅವಕಾಶ. ಆ ಉತ್ಸಾಹದಲ್ಲಿ ಅಂಗಿಯ ಗುಂಡಿ ಬಿಟ್ಟು ಕೋಟಿನ ದೊಡ್ಡ ಗುಂಡಿಯನ್ನೇ ಹಿಡಿದು, ಕೈ ಎತ್ತರಿಸಿ, ಸ್ಟೀಲ್ ಡಬ್ಬಕ್ಕೆ ಬಿಟ್ಟರು. ಠಣ್ ಎಂದಿತು. ಆ ನಾದ ಅವರ ಕಿವಿಗೆ ಸ್ವಾತಂತ್ರ್ಯದ ಗಂಟೆಯಂತೆ ಹಿತವಾಗಿ ಕೇಳಿಸಿತು. (ಗಂಟೆ ಇರುವುದೇ ಊರಿಗೆಲ್ಲ ಕೇಳಿಸಲಿ ಎಂದು, ಅದು ಅವರಿಗೆ ಹೊಳೆಯಲಿಲ್ಲ.)

ಹೊರಗೆ ಬಂದಾಗ ಎಲ್ಲರೂ ನೆಲ ನೋಡುತ್ತಿದ್ದರು. ಮತದಾನದ ಗಾಂಭೀರ್ಯ ಇವರಿಗೂ ತಟ್ಟಿದೆ ಎಂದುಕೊಂಡರು ಮೇಷ್ಟ್ರು. ತಾಯಿ ಹೋಗಿ ಬಂದರು, ಸದ್ದಿಲ್ಲ. ಮಾವನವರು, ಮಗಳು, ಕೊನೆಗೆ ಟೈಲರಮ್ಮ ಹೋಗಿ ಬಂದರು, ಯಾರದೂ ಸದ್ದಿಲ್ಲ. ಎಣಿಕೆ ಶುರುವಾಯಿತು. ಡಬ್ಬದಲ್ಲಿ ಒಂದೇ ಒಂದು ಗುಂಡಿ ಇತ್ತು. ಮಿಕ್ಕ ನಾಲ್ಕಕ್ಕಾಗಿ ಮೇಷ್ಟ್ರು ಚೂರುಬಟ್ಟೆಯಲ್ಲಿ ಮೊಣಕೈವರೆಗೆ ಮುಳುಗಿ ತಡಕಾಡಿದರು. ಒಂದೊಂದು ಸಿಕ್ಕಿದಂತೆಲ್ಲ ಅವರ ಮುಖ ಇಳಿಯುತ್ತ ಹೋಯಿತು.

ಆದರೂ ಅಧಿಕಾರಿ ಅಧಿಕಾರಿಯೇ. ಅವರು ಎದ್ದುನಿಂತು ಪುಟ್ಟ ಭಾಷಣ ಮಾಡಿದರು. ಗೋಡೆ ಬೀಳಲಿ ಎಂಬ ಪಕ್ಷ ಗೆದ್ದಿದೆ. ಆದರೆ ನಮ್ಮಲ್ಲಿ ಒಬ್ಬರು ಒಂಟಿಯಾಗಿ ನಿಂತು ಬೇಡ ಎಂದಿದ್ದಾರೆ. ಆ ಧೀರ ಮತದಾರರು ಯಾರೆಂದು ನನಗೂ ಗೊತ್ತಿಲ್ಲ, ನೀವೂ ಊಹಿಸಬಾರದು, ಅವರನ್ನು ಓರೆಗಣ್ಣಿನಿಂದಲೂ ನೋಡಬಾರದು. ಮಾವನವರಿಗೆ ಕೆಮ್ಮು ಹತ್ತಿತು. ಮಗಳು ತೋಳಿನಲ್ಲಿ ಮುಖ ಹುದುಗಿಸಿದಳು. ಟೈಲರಮ್ಮ ಹಲ್ಲಿನಿಂದ ದಾರ ಕಡಿದು, ಪಾಪ, ಯಾರೋ ಏನೋ ಎಂದರು.

ಮೇಷ್ಟ್ರು ಕೋಣೆಗೆ ಬಂದು ಕೂತು, ತಾಯಿಯೂ ಮಾವನೂ ಮಗಳೂ ಸೇರಿ ತಮಗೆ ಹೀಗೆ ಕೈಕೊಡುವುದೇ ಎಂದು ಹಲುಬುತ್ತಿರುವಾಗ ತಾಯಿ ಒಳಗೆ ಬಂದರು.

"ನಿನ್ನ ಗುಂಡಿ ಠಣ್ ಅಂತ ಬಿತ್ತಲ್ಲೋ, ಬೀದಿಗೆಲ್ಲ ಕೇಳಿಸ್ತು. ಅದಾದ ಮೇಲೆ ಆ ಡಬ್ಬಕ್ಕೆ ಹಾಕೋ ಧೈರ್ಯ ಯಾರಿಗೆ ಬರುತ್ತೆ? ಮೆತ್ತಗೆ ಬುಟ್ಟಿಗೆ ಹಾಕಿ ಬಂದೆ."

ಮೇಷ್ಟ್ರಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ನಿಜವಾಗಿಯೂ ದುಃಖವಾಯಿತು. ಊರವರ ಮತವನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ಕಾಯ್ದವರು ಸ್ವಂತ ಮನೆಯವರನ್ನು ಬೀದಿಗೆ ನಿಲ್ಲಿಸಿದ್ದರು. ಮರೆ ಬೇಕಾಗುವುದು ಕಳ್ಳನಿಗೆ ಮಾತ್ರ ಎಂದು ವಾದಿಸುವವರನ್ನು ಅವರು ಸ್ಟಾಫ್ ರೂಮಿನಲ್ಲಿ ಎಷ್ಟೋ ಸಲ ಕಂಡಿದ್ದರು. ಬೇಡ ಎನ್ನಬೇಕಾದವನಿಗೂ ಒಂದು ಮರೆ ಬೇಕು, ಇಲ್ಲದಿದ್ದರೆ ಅವನು ಹೂಂ ಎಂದೇ ಸಾಯುತ್ತಾನೆ. ತಮ್ಮ ತಾಯಿಯೂ ಮೆತ್ತಗೆ ಹೂಂ ಎಂದು ಬಂದಿದ್ದರು.

ಮತದಾನದ ಗೌಪ್ಯಕ್ಕೆ ಭಂಗ ಬಂದರೆ ಮರುಮತದಾನ ಮಾಡಬೇಕು. ಹಾಗೆ ಮಾಡಲು, ಸದ್ದು ಮಾಡಿದವರು ತಾವೇ ಎಂದು ಹೆಂಡತಿಯ ಮುಂದೆ ಒಪ್ಪಿಕೊಳ್ಳಬೇಕು. ಮೇಷ್ಟ್ರು ಅಂಗಡಿಗೆ ಹೋಗಿ, ಬಾಗಿಲ ಚೌಕಟ್ಟು ಹಿಡಿದುಕೊಂಡು, ಒಪ್ಪಿಕೊಂಡರು. ಟೈಲರಮ್ಮ ಬೈಯುತ್ತಾರೆಂದು ಕಾದರು. ಆಕೆ ಬೈಯಲಿಲ್ಲ. ದಪ್ಪನೆಯ ಬಟ್ಟೆಯಲ್ಲಿ ಒಂದೇ ಥರದ ಎರಡು ಚೀಲಗಳನ್ನು ನೋಡನೋಡುತ್ತಿದ್ದಂತೆ ಹೊಲಿದು, ಗೋಡೆ ಇರಲಿ ಎನ್ನುವ ಚೀಲಕ್ಕೆ ಗುರುತಿಗೆ ಒಂದು ಗಂಟು ಹಾಕಿ ಕೊಟ್ಟರು. ಅಷ್ಟೇ ಅಲ್ಲ, ಒಳಗಿನದೇನೂ ಹೊರಗೆ ಕೇಳದಿರಲೆಂದು ಮತದಾನ ಮುಗಿಯುವವರೆಗೆ ತಾವೇ ಗಡಗಡನೆ ಯಂತ್ರ ತುಳಿಯುತ್ತ ಕೂತರು. ತಮ್ಮ ಸರದಿ ಬಂದಾಗ ಮೇಷ್ಟ್ರನ್ನು ಯಂತ್ರದ ಮುಂದೆ ಕೂರಿಸಿ, ನಿಲ್ಲಿಸಬೇಡಿ ಎಂದು ಹೇಳಿ ಹೋದರು. ಮೇಷ್ಟ್ರು ನಿಲ್ಲಿಸಲಿಲ್ಲ. ಆಕೆ ಬರುವಷ್ಟರಲ್ಲಿ ಯಾರದೋ ಹೊಸ ಪ್ಯಾಂಟಿನ ಎರಡೂ ಕಾಲುಗಳು ಸೇರಿ ಒಂದಾಗಿದ್ದವು.

ಎರಡನೆಯ ಎಣಿಕೆಗೆ ಹುಡುಕಾಟ ಬೇಕಾಗಲಿಲ್ಲ. ಗಂಟಿಲ್ಲದ ಚೀಲವನ್ನು ಮೇಷ್ಟ್ರು ತಲೆಕೆಳಗು ಮಾಡಿ ಕೊಡವಿದರು, ಒಂದು ತುಂಡು ದಾರ ಬಿತ್ತು. ಗಂಟಿನ ಚೀಲ ಬಿಚ್ಚಿದರು, ಐದೂ ಗುಂಡಿಗಳು ಅಲ್ಲಿದ್ದವು. ಗೋಡೆ ಗೆದ್ದಿತ್ತು. ಜಯಘೋಷಕ್ಕೆಂದು ಬಾಯಿ ತೆರೆದ ಮೇಷ್ಟ್ರು ಹಾಗೆಯೇ ನಿಂತರು. ಐದಕ್ಕೆ ಐದು ಬಂದರೆ ಅಲ್ಲಿ ಯಾರ ಗುಟ್ಟೂ ಉಳಿಯುವುದಿಲ್ಲ. ಎಲ್ಲರೂ ನಿಧಾನವಾಗಿ ಟೈಲರಮ್ಮನ ಕಡೆ ತಿರುಗಿದರು.

"ಏನು ಹಾಗೆ ನೋಡ್ತೀರಿ? ಬೆಳಗಿಂದ ಸಂಜೆವರೆಗೂ ಒಬ್ಬರಲ್ಲ ಒಬ್ಬರು ಮುಂದೆ ನಿಂತ್ಕೊಂಡು ತೋಳು ಇಷ್ಟಿರಲಿ, ಕುತ್ತಿಗೆ ಅಷ್ಟಿರಲಿ ಅಂತಿರ್ತಾರೆ. ಇವರು ಸ್ಕೂಲಿಗೆ ಹೋದ್ಮೇಲೆ ಆ ರೂಮಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕೂರ್ತೀನಿ, ನನ್ನನ್ನ ಯಾರೂ ಏನೂ ಕೇಳಲ್ಲ. ಆ ಡಬ್ಬ ಠಣ್ ಅನ್ನುತ್ತೆ ಅಂತ ಮೊದಲ ಸಲ ನಾನೂ ಬುಟ್ಟಿಗೇ ಹಾಕಿದ್ದೆ." ಆಮೇಲೆ ಗಂಡನ ಕಡೆ ತಿರುಗಿ ಸ್ವರ ತಗ್ಗಿಸಿದರು. "ಜಾಗ ಸಾಲಲ್ಲ ಅಂತ ದಿನಾ ಗೊಣಗ್ತಿದ್ದವಳು ನಾನು, ಗೋಡೆ ಮಾತು ಎತ್ತದೆ ಇರೋದು ಹೇಗೆ? ನೀವು ಬೇಡ ಅಂತೀರಿ ಅಂತ ಕಾಯ್ತಿದ್ದೆ ರೀ. ನೀವೇ ಮೊದಲು ಕೈ ಎತ್ತಿಬಿಟ್ರಿ."

ಇಷ್ಟು ಕಾಲ ಸಂಸಾರ ಮಾಡಿದ ಹೆಂಡತಿಗೆ ಬಾಗಿಲು ಹಾಕಿಕೊಂಡು ಕೂರುವ ಆಸೆಯಿದೆ ಎಂದು ತಿಳಿಯಲು ಗುಂಡಿ ಎಣಿಸಬೇಕಾಯಿತಲ್ಲ ಎಂದು ಮೇಷ್ಟ್ರಿಗೆ ಆಕೆಯ ಮೇಲೆ ಬಹಳ ಪ್ರೀತಿ ಬಂತು. ಆ ಪ್ರೀತಿಯ ಭರದಲ್ಲಿ, ಈ ಕೋಣೆ ಇನ್ನು ಮುಂದೆ ಎಲ್ಲರದೂ ಹೌದು, ಒಳಗಿರುವವರು ಏನು ಮಾಡುತ್ತಾರೆ, ಯಾಕೆ ಬೇಕು ಎಂದು ಯಾರೂ ಕೇಳಕೂಡದು, ಇದು ಈ ಮನೆಯ ಸಂವಿಧಾನ ಎಂದು ಸಾರಿದರು. ಬಾಗಿಲಿಗೆ ಒಳಚಿಲಕವನ್ನೂ ತಾವೇ ತಂದು ಹಾಕಿದರು. ಗಾರೆಯವನಿಗೆ ಬರಬೇಡ ಎಂದು ಹೇಳಿಕಳುಹಿಸಿದರು.

ಆಮೇಲೆ ಸರದಿ ಹಂಚುವ ಪ್ರಶ್ನೆ ಬಂತು. ಟೈಲರಮ್ಮ ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡು ದಿನವನ್ನು ಬಟ್ಟೆಯ ಹಾಗೆ ಕತ್ತರಿಸಿದರು. ಮುಂಜಾನೆ ತಮಗೆ, ಮಧ್ಯಾಹ್ನ ಅತ್ತೆಗೆ, ಇಳಿಹೊತ್ತು ತಂದೆಗೆ, ಸಂಜೆ ಮಗಳಿಗೆ. ಮಗಳ ಸರದಿ ಮುಗಿದ ಮೇಲೆ ಇನ್ನಷ್ಟು ಹೊತ್ತು ಉಳಿಯಿತು, ಅದನ್ನೂ ಟೈಲರಮ್ಮನೇ ಇಟ್ಟುಕೊಂಡರು, ಹೊಲಿಗೆಯಲ್ಲಿ ಒಳಮಡಿಕೆಗೆಂದು ಸ್ವಲ್ಪ ಬಿಟ್ಟಿರಬೇಕಂತೆ. ಮೇಷ್ಟ್ರಿಗೆ ಶಾಲೆಯಲ್ಲಿ ಸ್ಟಾಫ್ ರೂಮು ಇದ್ದೇ ಇದೆ. ಮೂರನೇ ಯಂತ್ರಕ್ಕೆ ಜಾಗವೂ ಸಿಕ್ಕಿತು, ನಡುಮನೆಯಲ್ಲಿ ಮೇಷ್ಟ್ರ ಆರಾಮ ಕುರ್ಚಿ ಇದ್ದ ಜಾಗ. ಒಪ್ಪಿಗೆ ಇದ್ದವರು ಕೈ ಎತ್ತಿ ಎಂದರು ಟೈಲರಮ್ಮ. ನಾಲ್ಕು ಕೈ ಮೇಲೆ ಹೋದವು. ಎಲ್ಲರೂ ಮೇಷ್ಟ್ರನ್ನು ನೋಡಿದರು. ಮೇಷ್ಟ್ರೂ ಎತ್ತಿದರು.

ಮೊನ್ನೆ ಪರೀಕ್ಷೆಯ ಪೇಪರಿನ ಕಟ್ಟು ಬಗಲಲ್ಲಿಟ್ಟುಕೊಂಡು ಮೇಷ್ಟ್ರು ಆ ಕೋಣೆಯ ಬಾಗಿಲು ತಟ್ಟಿದರು. ಯಾರು ಎಂದು ಒಳಗಿನಿಂದ ಹೆಂಡತಿಯ ಸ್ವರ ಕೇಳಿತು. ನಾನು ಕಣೇ, ಸ್ವಲ್ಪ ಹೊತ್ತು ಬೇಕಿತ್ತು ಎಂದರು.

"ಯಾಕೆ?"

ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಯಾಕೆ ಎಂದು ಕೇಳಬಾರದೆಂದು ನಿಯಮವಿದೆ ಎಂದರು.

"ಸರಿ, ಕೇಳಲ್ಲ. ಬಾಗಿಲೂ ತೆಗೆಯಲ್ಲ."

ಮೇಷ್ಟ್ರು ಹೊರಗೆ ಬಂದು ಬೀದಿಯ ಮೆಟ್ಟಿಲ ಮೇಲೆ ಕೂತು ತಿದ್ದತೊಡಗಿದರು. ದಾರಿಹೋಕರು ಒಬ್ಬೊಬ್ಬರಾಗಿ ನಿಂತು, ಅವರ ಭುಜದ ಮೇಲಿಂದ ಬಗ್ಗಿ, ಯಾರ ಮಗನಿಗೆ ಎಷ್ಟು ಬಂತೆಂದು ನೋಡಿದರು. ತರಕಾರಿ ಮಾರುವಾಕೆಯಂತೂ ಬುಟ್ಟಿ ಇಳಿಸಿ ಪಕ್ಕದಲ್ಲೇ ಕೂತು, ಈ ಹುಡುಗನಿಗೆ ಇನ್ನೆರಡು ಅಂಕ ಕೊಡಬಹುದಿತ್ತು ಎಂದಳು. ಮೇಷ್ಟ್ರು ಕೊಟ್ಟರು.