ಮೊದಲ ಮಹಾಯುದ್ಧವನ್ನು ನಾನು ಪೊಟ್ಟಣ ಕಟ್ಟಿದ್ದು

ಮಹಾಯುದ್ಧಗಳು ಯಾಕೆ ಆಗುತ್ತವೆ ಎಂದು ದೊಡ್ಡ ದೊಡ್ಡ ವಿದ್ವಾಂಸರು ಜೀವಮಾನವಿಡೀ ತಲೆ ಕೆಡಿಸಿಕೊಳ್ಳುತ್ತಾರಂತೆ. ಅವರೆಲ್ಲ ಒಂದೆರಡು ದಿನ ತಿಕೋಂಡಿಗೆ ಬಂದು ನನ್ನ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದರೆ ಅಷ್ಟು ಕಷ್ಟಪಡಬೇಕಾಗಿರಲಿಲ್ಲ. ಮೊದಲ ಮಹಾಯುದ್ಧವನ್ನು ಆರಂಭದಿಂದ ಅಂತ್ಯದವರೆಗೆ ಅರಿಶಿನ, ಬೆಲ್ಲ, ಚಹಾಪುಡಿಯ ಜೊತೆ ಊರಿಗೆ ಹಂಚಿದ ಏಕೈಕ ತಜ್ಞ ನಾನು. ನನ್ನ ವಿದ್ಯಾಭ್ಯಾಸ ಎಂಟನೆಯ ಇಯತ್ತೆ. ಅದೂ ಗಣಿತ ಬಿಟ್ಟು!

ಪ್ಲಾಸ್ಟಿಕ್ ಚೀಲ ಬಂದ್ ಆದಾಗಿನಿಂದ ನಮ್ಮ ಅಂಗಡಿಯಲ್ಲಿ ರದ್ದಿ ಕಾಗದಕ್ಕೆ ಬಹಳ ಮರ್ಯಾದೆ. ನಾನು ಕಟ್ಟಿದ ಪೊಟ್ಟಣ ಬಾವಿಗೆ ಬಿದ್ದರೂ ಬಿಚ್ಚುವುದಿಲ್ಲ ಎಂಬ ಹೆಸರಿದೆ. ಆ ಹೆಸರು ನಾನೇ ಇಟ್ಟುಕೊಂಡದ್ದು, ಆದರೂ ಇದೆ. ಇನ್ನೊಂದು ಚಟವೂ ಇದೆ. ಕಟ್ಟುವ ಮುಂಚೆ ಹಾಳೆಯ ನಾಲ್ಕು ಸಾಲು ಓದದಿದ್ದರೆ ಕೈ ಓಡುವುದಿಲ್ಲ. ಗಿರಾಕಿಗಳು ಬೈಯುತ್ತಾರೆ. ಜ್ಞಾನಾರ್ಜನೆಯಲ್ಲಿ ಇದೆಲ್ಲ ಇದ್ದದ್ದೇ.

ಆ ಮಂಗಳವಾರ ಮುಂಜಾನೆ ರದ್ದಿಯ ರಾಶಿಯ ಮೇಲೆ ರಟ್ಟಿಲ್ಲದ ದಪ್ಪ ಪುಸ್ತಕವೊಂದು ಕುಳಿತಿತ್ತು. ಅದರ ಜೊತೆಗಿದ್ದ ತೆಳ್ಳನೆಯದನ್ನು ಹಿಂದಿನ ವಾರವೇ ಜೀರಿಗೆ, ಸಾಸಿವೆಗೆ ಮುಗಿಸಿದ್ದೆ. ದಪ್ಪದ್ದನ್ನು ತೆರೆದೆ, ತೆರೆದ ಜಾಗದಿಂದಲೇ ಹರಿದೆ. ಮೊದಲ ಹಾಳೆಯಲ್ಲಿ ಎದುರುಮನೆಯ ಬಳೆ ಮಾರುವ ಹಸೀನಾಬಿಗೆ ಅರಿಶಿನ ಕಟ್ಟಿದೆ. ಕಟ್ಟುವಾಗ ಕಣ್ಣಿಗೆ ಬಿದ್ದದ್ದು: ಆಸ್ಟ್ರಿಯಾದ ರಾಜಕುಮಾರ ಹೆಂಡತಿಯ ಜೊತೆ ಮೋಟಾರಿನಲ್ಲಿ ಹೋಗುತ್ತಿದ್ದಾಗ ಯಾರೋ ಗುಂಡು ಹಾರಿಸಿದರು. ಅಬ್ಬಾ! ಎರಡನೆಯ ಹಾಳೆಯಲ್ಲಿ ಮುದುಕಿ ಕಾಶವ್ವನಿಗೆ ಬೆಲ್ಲ. ಅಷ್ಟರಲ್ಲಿ ಜರ್ಮನಿ ಬೆಲ್ಜಿಯಂ ಎಂಬ ದೇಶಕ್ಕೆ ನುಗ್ಗಿತ್ತು. ಮೂರನೆಯದನ್ನು ಓದಬೇಕೆನ್ನುವಷ್ಟರಲ್ಲಿ ಕುರಿ ಕಾಯುವ ಬೀರಪ್ಪ ಬಂದು ಅವಸರ ಮಾಡಿದ. ಓದದೆಯೇ ಚಹಾಪುಡಿ ಕಟ್ಟಿ ಕೊಟ್ಟೆ. ಅವನು ಕುರಿ ಹೊಡೆದುಕೊಂಡು ಕುಣಿಕೋಣೂರಿನ ಕಡೆ ಹೋದ.

ನಾಲ್ಕನೆಯ ಹಾಳೆಗೆ ಕೈ ಹಾಕಿದೆ. ಮೇಲೆ ಅಂಚಿನಲ್ಲಿ ಪೆನ್ಸಿಲಿನಲ್ಲಿ ಗುಂಡಾಗಿ ಬರೆದಿತ್ತು: 'ಹಿಂದಿನ ಮೂರು ಹಾಳೆ ಖಂಡಿತ ಬರುತ್ತವೆ. ಗುರುವಾರ.'

ಅಕ್ಷರ ನನ್ನ ಹೆಂಡತಿ ಗೌರಾಳದು!

ಗೌರಾ ಅಂಗನವಾಡಿಯಲ್ಲಿ ಮದತನೀಸ, ಅಂದರೆ ಸಹಾಯಕಿ. ಇಷ್ಟು ವರ್ಷ ಖಿಚಡಿ ಬೇಯಿಸುತ್ತ, ಮಕ್ಕಳ ಮೂಗು ಒರೆಸುತ್ತ, ಹಾಡು ಕಲಿಸುವ ಕೆಲಸವನ್ನು ದೂರದಿಂದ ನೋಡಿದ್ದಾಳೆ. ಹನ್ನೆರಡನೆಯದು ಪಾಸಾದರೆ ಸೇವಿಕಾ, ಅಂದರೆ ಕಾರ್ಯಕರ್ತೆ ಆಗಬಹುದು, ಹಾಡು ತಾನೇ ಕಲಿಸಬಹುದು. ಈ ಸಲ ತಪ್ಪಿದರೆ ವಯಸ್ಸಿನ ಮಿತಿ ದಾಟಿಹೋಗುತ್ತದೆ. ಅದಕ್ಕೇ ಹದಿನೇಳು ನಂಬರಿನ ಫಾರ್ಮ್ ತುಂಬಿ, ಶಾಲೆಗೆ ಹೋಗದೆ ಹೊರಗಿನಿಂದ ಪರೀಕ್ಷೆ ಕಟ್ಟಿದ್ದಳು. ಅವಳಣ್ಣ ವಿಜಯಪುರದಿಂದ ಹಳೆ ಪುಸ್ತಕ ತಂದುಕೊಟ್ಟಿದ್ದ. ಓದುವುದು ಕನ್ನಡದಲ್ಲಿ, ಬರೆಯುವುದು ಮರಾಠಿಯಲ್ಲಿ. ಮರಾಠಿ ರಾಜ್ಯಕ್ಕೆ ಸೇರಿದ ನಮ್ಮ ಗಡಿ ಊರುಗಳಲ್ಲಿ ಇದು ಹೊಸದೇನಲ್ಲ. ಮಧ್ಯಾಹ್ನ ನಾನು ಊಟಕ್ಕೆ ಹೋದಾಗ ಅವಳು ಅಂಗಡಿಯಲ್ಲಿ ಕೂತು ಓದುತ್ತಿದ್ದಳು, ಪುಸ್ತಕ ಅಲ್ಲೇ ಬಿಟ್ಟು ಬರುತ್ತಿದ್ದಳು. ಗಂಡನ ಅಂಗಡಿ, ಸುರಕ್ಷಿತ ಜಾಗ ಎಂದು ನಂಬಿದ್ದಳು ಪಾಪ.

ಗಾಬರಿಯಾಯಿತು. ಪುಸ್ತಕವನ್ನು ಉಪ್ಪಿನ ಚೀಲದ ಹಿಂದೆ ತುರುಕಿದೆ. ಮಧ್ಯಾಹ್ನ ಅವಳು ಬಂದವಳೇ ಕೇಳಿದಳು.

"ಏನ್ರೀ, ನನ್ನ ಇತಿಹಾಸದ ಪುಸ್ತಕ ಎಲ್ಲೈತಿ?"

ಆವಾಗಲೇ 'ತಪ್ಪಾತು' ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ನಾನು ಅಂದದ್ದು ಬೇರೆ.

"ಬೈಂಡಿಂಗ್ ಮಾಡಾಕ ಜತ್ತ ಪ್ಯಾಟಿಗಿ ಕಳಿಸೀನಿ. ಹಾಳಿ ಕಳಚಾಕತ್ತಿದ್ವು."

ಗೌರಾ ನನ್ನ ಮುಖ ನೋಡುತ್ತ ನಿಂತುಬಿಟ್ಟಳು. ಕಣ್ಣಲ್ಲಿ ನೀರು ಬಂತು.

"ನನ್ನ ಓದಿನ ಮ್ಯಾಲೆ ಇಷ್ಟ ಕಾಳಜಿ ಐತೇನ್ರಿ ನಿಮಗ? ಇಷ್ಟ ವರ್ಷದಾಗ ಗೊತ್ತ ಆಗಿದ್ದಿಲ್ಲ."

ನನಗೆ ನಾಚಿಕೆಯಾಯಿತು. ನಿಜವಾಗಿ ಆಯಿತು. ಆದರೆ ಕಣ್ಣೀರು ಹಾಕಿದ ಹೆಂಡತಿಯ ಎದುರು ಸತ್ಯ ಹೇಳಲು ಬೇರೆ ತರಹದ ಗಂಡಸು ಬೇಕು. ನಾನು ಸುಳ್ಳಿಗೆ ಇನ್ನೊಂದು ಗಂಟು ಹಾಕಿದೆ.

"ಪುಸ್ತಕ ಬರೂತನಕ ಯುದ್ಧ ನಾನ ಹೇಳ್ತೀನಿ, ಕೇಳು. ಒಬ್ಬ ರಾಜಕುಮಾರ ಇದ್ದ. ಹೆಂಡ್ತಿ ಕರ್ಕೊಂಡು ಮೋಟಾರದಾಗ ಹೊಂಟಿದ್ದ. ಢಂ! ಇಬ್ರೂ ಹೋದ್ರು. ಯುದ್ಧ ಚಾಲೂ!"

"ಒಬ್ಬ ರಾಜಕುಮಾರ ಸತ್ರ ಅಷ್ಟೂ ದೇಶ ಯಾಕ ಬಡದಾಡ್ಬೇಕ್ರಿ?"

ಒಳ್ಳೆಯ ಪ್ರಶ್ನೆ. ಯಾಕೆ? ಉತ್ತರ ಹಸೀನಾಬಿಯ ಅರಿಶಿನದಲ್ಲಿತ್ತು. "ಗಿರಾಕಿ ಬಂದಾರ" ಎಂದು ಎದ್ದೆ. ಆದರೆ ಆ ಕ್ಷಣದಿಂದ ನನಗೂ ಹುಳ ಹೊಕ್ಕಿತು. ಪರೀಕ್ಷೆ ಅವಳದು, ಸರಿ, ಆದರೆ ಇಷ್ಟು ದೊಡ್ಡ ಜಗಳ ಯಾಕೆ ಆಯಿತು, ಕೊನೆಗೆ ಯಾರು ಗೆದ್ದರು ಎಂದು ತಿಳಿಯದೆ ಅನ್ನ ಸೇರದಂತಾಯಿತು. ಮೊಬೈಲಿನಲ್ಲಿ ಹುಡುಕಿದೆ. ಒಬ್ಬಾತ ಈಗ ನಡೆಯುತ್ತಿರುವ ಬೇರೆ ಯಾವುದೋ ಯುದ್ಧದ ಬಗ್ಗೆ ಅರ್ಧ ಗಂಟೆ ಕಿರುಚಿದ. ಯಾರು ಯಾರನ್ನು ಯಾಕೆ ಹೊಡೆಯುತ್ತಿದ್ದಾರೆ ಎಂಬುದು ಅವನಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ಸಂಜೆ ಹಸೀನಾಬಿಯ ಮನೆಗೆ ಹೋದೆ. ಆಕೆ ಅರಿಶಿನವನ್ನು ಡಬ್ಬಿಗೆ ಸುರಿದು, ಹಾಳೆಯನ್ನು ನೀಟಾಗಿ ಬಿಡಿಸಿ, ಚಶ್ಮಾ ಹಾಕಿಕೊಂಡು ಓದುತ್ತ ಕೂತಿದ್ದಳು!

"ಬಾ ಬಸಣ್ಣಾ, ಕುಂದ್ರು. ಇದನ್ನ ನೋಡಿದ್ಯೇನು? ಈ ಕಡೆ ಜರ್ಮನಿ, ಆಸ್ಟ್ರಿಯಾ, ಇಟಲಿ. ಆ ಕಡೆ ಇಂಗ್ಲೆಂಡ್, ಫ್ರಾನ್ಸ್, ರಷ್ಯಾ. 'ನಿನಗ ಬಡದ್ರ ನನಗ ಬಡದಂಗ' ಅಂತ ಮೊದಲ ಮಾತ ಕೊಟ್ಕೊಂಡ ಕುಂತಿದ್ರಂತ. ಎಲ್ಲಾರ ಮನ್ಯಾಗೂ ತೋಪು ತುಂಬಿ ಇಟ್ಟಿದ್ರಂತ. ಬ್ಯಾರೆ ಮಂದಿ ನೆಲಾ ನನಗಿಷ್ಟ ನಿನಗಿಷ್ಟ ಅಂತ ಹೊಟ್ಟಿಕಿಚ್ಚ ಬ್ಯಾರೆ. ಯಾ ಅಲ್ಲಾ! ಆ ಗುಂಡು ಬರೇ ನೆವ ನೋಡು."

ಒಬ್ಬ ಸತ್ತರೆ ಅಷ್ಟು ದೇಶ ಯಾಕೆ ಎದ್ದವು ಎಂಬುದಕ್ಕೆ ಉತ್ತರ ಸಿಕ್ಕಿತ್ತು.

"ಹಸೀನಾಬಿ, ಆ ಹಾಳಿ ನನಗ ಬೇಕವ್ವಾ."

"ಕೊಡ್ತೀನಿ. ಮುಂದಿನ ಹಾಳಿ ತಾ, ಇದನ್ನ ಒಯ್ಯಿ. ಅರ್ಧಕ್ಕ ಬಿಟ್ರ ನನಗ ನಿದ್ದಿ ಬರೂದಿಲ್ಲ."

ಮುಂದಿನ ಹಾಳೆ ಕಾಶವ್ವನ ಮನೆಯಲ್ಲಿತ್ತು. ಕಾಶವ್ವನಿಗೆ ಓದಲು ಬರುವುದಿಲ್ಲ. ಸೊಸೆ ಓದಿ ಹೇಳಿದ್ದಳು. ಬೆಲ್ಲ ಅಂಟಿದ ಜಾಗದಲ್ಲಿ ಅಕ್ಷರ ಹೋಗಿದ್ದವು, ಅಲ್ಲೆಲ್ಲ ಮುದುಕಿ ತನ್ನ ಮಾತು ತುಂಬಿದ್ದಳು.

"ತಮ್ಮಾ, ಈ ಬೆಲ್ಜಿಯಂ ಏನ್ ತಪ್ಪ ಮಾಡಿತ್ತೋ?"

"ಏನಿಲ್ಲ ಯಮ್ಮಾ. ಜರ್ಮನಿಗಿ ಫ್ರಾನ್ಸಿಗೆ ಹೋಗ್ಬೇಕಾಗಿತ್ತು. ನಡುವ ಇತ್ತು."

"ಹಂಗಾರ ನನ್ನ ಹೊಲಾ ಇದ್ದಂಗ ಆತು! ಆಚೀಚೀ ಹೊಲದಾವ್ರು ಬದುವಿನ ಸಂಬಂಧ ಬಡದಾಡಿದ್ರು, ತುಳದದ್ದು ನನ್ನ ಜ್ವಾಳ." ಮುದುಕಿಗೆ ಬೆಲ್ಜಿಯಮ್ಮಿನ ಮೇಲೆ ವಿಪರೀತ ಮರುಕ ಹುಟ್ಟಿ, ಹಾಳೆ ಕೊಡಲು ಒಪ್ಪಲಿಲ್ಲ. ಕೊನೆಯಲ್ಲಿ ಅದಕ್ಕೆ ನ್ಯಾಯ ಸಿಕ್ಕಿತೋ ಇಲ್ಲವೋ ತಿಳಿಸಿದ ಮೇಲೆಯೇ ಕೊಡುವುದು ಎಂದು ಹಟ ಹಿಡಿದಳು.

ಬುಧವಾರ ಬೆಳಗಾಯಿತು. ನಾನು ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಕಟ್ಟೆಯ ಮೇಲೆ ಹಸೀನಾಬಿ ಮತ್ತು ಕಾಶವ್ವ, ಇಬ್ಬರೂ ಹಾಳೆ ಹಿಡಿದುಕೊಂಡು ಕೂತಿದ್ದರು. ಅಂಗಡಿಗೆ ಹೊಂದಿಕೊಂಡ ಮನೆಯೊಳಗಿನಿಂದ ಗೌರಾ ಕಸ ಹೊಡೆಯುತ್ತ ಹೊರಗೇ ಬರುತ್ತಿದ್ದಳು.

"ಬಸಣ್ಣಾ, ಛಟಾಕ ಅರಿಶಿಣ ಕೊಡು. ಆದ್ರ ಮುಂದಿನ ಹಾಳ್ಯಾಗ ಕಟ್ಟು!" ಎಂದಳು ಹಸೀನಾಬಿ.

"ಅರಿಶಿಣ ನಿನ್ನೇನ ಒಯ್ದೀಯಲ್ಲ?" ಎಂದು ಹಲ್ಲು ಕಚ್ಚಿ ಕಣ್ಣು ಮಿಟುಕಿಸಿದೆ.

"ಅರಿಶಿಣ ಯಾರಿಗಿ ಬೇಕಾಗೇತಿ? ಯುದ್ಧ ಬೇಕು!"

ಕಾಶವ್ವ ಸುಮ್ಮನಿರಬೇಕಲ್ಲ! "ಯುದ್ಧ ಜರ್ಮನಿ ಗೆದ್ದೈತಿ. ನನ್ನ ಹಾಳ್ಯಾಗ ಪ್ಯಾರಿಸಿನ ಸನೇಕ ಹೋಗಿ ನಿಂತೈತಿ. ಇಟಲಿ ಸುದ್ದಾ ಅದನ್ನ ಬಿಟ್ಟು ಆ ಕಡೆ ಹೋತು."

"ಇಟಲಿ ಈ ಕಡೇನ ಐತಿ! ನನ್ನ ಹಾಳ್ಯಾಗ ಮಾತ ಕೊಟ್ಟೈತಿ!"

"ನನ್ನ ಹಾಳ್ಯಾಗ ಮಾತ ಮುರದೈತಿ!"

ಇಬ್ಬರ ಹಾಳೆಯೂ ನಿಜ ಹೇಳುತ್ತಿತ್ತು. ನಡುವೆ ಒಂದು ಪುಟ ತಿರುಗಿತ್ತು, ಅಷ್ಟೇ. ಆದರೆ ಅದನ್ನು ವಿವರಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಗೌರಾ ಕಸಬರಿಗೆ ಕೆಳಗಿಟ್ಟು, ಹಸೀನಾಬಿಯ ಕೈಯಿಂದ ಹಳದಿ ಹಾಳೆ ತೆಗೆದುಕೊಂಡು, ತಾನೇ ಗೆರೆ ಎಳೆದಿದ್ದ ಸಾಲುಗಳನ್ನು ನೋಡಿದಳು. ಆಮೇಲೆ ಬೆಲ್ಲದ ಹಾಳೆ ನೋಡಿದಳು. ಕೊನೆಗೆ ನನ್ನನ್ನು ನೋಡಿದಳು.

"ಬೈಂಡಿಂಗ್ ಚಲೋ ಆಗೇತ್ರಿ" ಎಂದಳು.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಬೈಯಲೇ ಇಲ್ಲ. ಹೆಗಲ ಮೇಲಿನ ಸೆರಗು ಸರಿಮಾಡಿಕೊಂಡು ಒಂದೇ ಮಾತು ಕೇಳಿದಳು: "ಮೂರನೇದು?"

"ಬೀರಪ್ಪನ ಕಡೆ ಐತಿ."

"ಗಾಡಿ ತಗೀರಿ."

ಕುಣಿಕೋಣೂರಿನ ದಾರಿಯಲ್ಲಿ, ಜೋಳ ಕೊಯ್ದ ಒಂದು ಹೊಲದಲ್ಲಿ ಬೀರಪ್ಪ ಕುರಿ ನಿಲ್ಲಿಸಿದ್ದ. ಮೂರು ಕಲ್ಲಿನ ಒಲೆಯ ಮೇಲೆ ಪಾತ್ರೆ ಕುದಿಯುತ್ತಿತ್ತು.

"ಬರ್ರಿ ಸಾವ್ಕಾರ್ರ, ಕುಂದ್ರಿ. ಹೊತ್ತಿಗಿ ಸರಿಯಾಗಿ ಬಂದ್ರಿ. ಚಾ ಆಗೇತಿ."

"ಬೀರಪ್ಪಾ, ಚಾಪುಡಿ ಕಟ್ಟಿದ್ದ ಹಾಳಿ ಎಲ್ಲೈತಿ?"

"ಹಾಳೀನಾ? ಒಲಿ ಹತ್ತವಲ್ದಾಗಿತ್ರಿ. ಅದನ್ನ ಹಚ್ಚಿದೆ. ಏನ್ ಚಂದ ಹತ್ತಿತು ಅಂತೀರಿ!"

ನಾಲ್ಕು ವರ್ಷಕ್ಕೂ ಮಿಕ್ಕಿ ನಡೆದ ಮಹಾಯುದ್ಧದ ಗೆಲುವು ಸೋಲು ಎರಡೂ ಸೇರಿ ಒಂದು ಪಾತ್ರೆ ಚಹಾ ಕುದಿಸಿದ್ದವು. ಬೀರಪ್ಪ ನನ್ನ ಕೈಗೆ ಚಹಾ ತುಂಬಿದ ಬಸಿ ಕೊಟ್ಟ. ಕುಡಿದೆ. ಆಡಿನ ಹಾಲು, ಬಹಳ ರುಚಿಯಾಗಿತ್ತು. ಅದೇ ದುಃಖ!

ಗೌರಾ ಒಂದು ಕಲ್ಲಿನ ಮೇಲೆ ಕೂತು ಮೆಲ್ಲಗೆ ಕೇಳಿದಳು. "ಹಚ್ಚೂ ಮೊದಲ ಅದರಾಗ ಏನಿತ್ತಂತ ನೋಡಿದ್ಯೇನಪ್ಪಾ?"

"ನನಗ ಓದಾಕ ಬರೂದಿಲ್ಲವ್ವಾ. ಚಿತ್ರಾ ನೋಡಿದೆ. ಮ್ಯಾಲೆ ಕೋಟ್ ಹಾಕ್ಕೊಂಡ ಮಂದಿ ಮೇಜಿನ ಸುತ್ತ ಕುಂತಿದ್ರು. ಒಬ್ಬಾಂವ ತಲಿ ಬಗ್ಗಿಸಿ ಸಹಿ ಮಾಡಾಕತ್ತಿದ್ದ. ಕುಂತ ನೋಡಾವ್ರು ಗೆದ್ದಾವ್ರು, ಬಗ್ಗಿದಾಂವ ಸೋತಾಂವ ಅಂತ ತಿಳ್ಕೊಂಡೆ."

"ಅಷ್ಟ ಏನು?"

"ಕೆಳಗ ಇನ್ನೊಂದ ಚಿತ್ರ ಇತ್ತು. ಒಬ್ಬ ಸಿಪಾಯಿ. ಒಂದ ಕಾಲಿಲ್ಲ. ಬಗಲಾಗ ಕೋಲು ಹಿಡ್ಕೊಂಡು ಹೊಂಟಿದ್ದ. ಅವ ಗೆದ್ದಾವ್ರ ಕಡೆದಾಂವೋ ಸೋತಾವ್ರ ಕಡೆದಾಂವೋ ಅಂತ ಭಾಳ ಹೊತ್ತ ನೋಡಿದೆ. ಗೊತ್ತಾಗ್ಲಿಲ್ಲ ನೋಡವ್ವಾ."

ಕುರಿಗಳು ಮೇಯುತ್ತಿದ್ದವು. ಉಳಿದ ಚಹಾದ ಬಸಿಯನ್ನು ಕೆಳಗಿಟ್ಟೆ. ಯಾರು ಗೆದ್ದರು ಎಂದು ಎರಡು ದಿನದಿಂದ ಕ್ರಿಕೆಟ್ ಸ್ಕೋರು ಕೇಳಿದ ಹಾಗೆ ಕೇಳುತ್ತ ತಿರುಗಿದ್ದೆ.

ವಾಪಸ್ಸು ಬರುವಾಗ ಹಿಂದಿನ ಸೀಟಿನಿಂದ ಗೌರಾಳ ದನಿ ಬಂತು. ಪಾಠ ಒಪ್ಪಿಸುವಂತೆ ಹೇಳುತ್ತಿದ್ದಳು: "ಗೆದ್ದವರು ಇಂಗ್ಲೆಂಡ್, ಫ್ರಾನ್ಸ್, ಅಮೆರಿಕಾ, ಇಟಲಿ, ಜಪಾನ್. ಸೋತವರು ಜರ್ಮನಿ, ಆಸ್ಟ್ರಿಯಾ, ಟರ್ಕಿ, ಬಲ್ಗೇರಿಯಾ. ರಷ್ಯಾ ನಡುವ ಬಿಟ್ಟು ಹೋತು."

ಗಾಡಿ ತಗ್ಗಿನಲ್ಲಿ ಇಳಿಸಿಬಿಟ್ಟೆ. "ನಿನಗ ಇದೆಲ್ಲಾ ಗೊತ್ತಿತ್ತೇನು?"

"ಬಾಯಿಪಾಠ ಇತ್ರಿ. ಯಾಕ ಏನು ಅನ್ನೂದು ತಲಿಗಿ ಹೋಗಿದ್ದಿಲ್ಲ. ಇವತ್ತ ಹೋತು."

"ಮತ್ತ ನಾ ಯಾಕ ಇಷ್ಟ ಓಡಾಡಿದೆ?"

ಗೌರಾ ಮತ್ತೆ ಮೊದಲಿನಿಂದ ಪಾಠ ಒಪ್ಪಿಸತೊಡಗಿದಳು.

ಗುರುವಾರ ಜತ್ತಿನ ಪರೀಕ್ಷಾ ಕೇಂದ್ರದ ಗೇಟಿನಲ್ಲಿ ಮೂರು ಗಂಟೆ ನಿಂತೆ. ಮಗಳ ವಯಸ್ಸಿನ ಹುಡುಗಿಯರ ನಡುವೆ ಗೌರಾ ನಗುತ್ತ ಹೊರಗೆ ಬಂದಳು. ನನ್ನ ಎದೆಯಿಂದ ಒಂದು ಮೂಟೆ ಇಳಿದಂತಾಯಿತು.

"ಯುದ್ಧ ಬಂದಿತ್ತೇನು?"

"ಬಂದಿತ್ರಿ. ಕಾರಣ, ಗೆದ್ದವರು, ಸೋತವರು, ಪರಿಣಾಮ. ಎಲ್ಲಾ ಬರದೆ. ಕಡೀಕ ಬೀರಪ್ಪನ ಸಿಪಾಯಿನೂ ಬರದು ಬಂದೆ. ಕಾರಣ ಬರೀವಾಗ ನಿಮ್ಮನ್ನ ಭಾಳ ನೆನಸ್ಕೊಂಡೆ."

ನಾನು ಉಬ್ಬಿಹೋದೆ. ಎಷ್ಟಾದರೂ ಮೊದಲ ಪಾಠ ಹೇಳಿದವನು ನಾನಲ್ಲವೆ! "ನನ್ನನ್ನ ಯಾಕ?" ಎಂದು ವಿನಯದಿಂದ ಕೇಳಿದೆ.

"ಅಷ್ಟ ಶಾಣ್ಯಾ ರಾಜರು, ಮಂತ್ರಿಗಳು ಹೆಂಗ ಈ ಕೆಲಸಾ ಮಾಡಿದ್ರು ಅಂತ ನನಗ ಮೊದಲ ತಿಳೀತಿದ್ದಿಲ್ಲ. ಈಗ ತಿಳೀತು. ಎಲ್ಲಾ ಗೊತ್ತೈತಿ ಅನ್ನಾಂವ, ನೋಡದ ಕೈ ಹಾಕಾಂವ, ಆದ ಮ್ಯಾಲೆ ಮುಚ್ಚಿಡಾಂವ, ಊರೆಲ್ಲಾ ತಿರುಗಿದ್ರೂ 'ತಪ್ಪಾತು' ಅಂತ ಒಂದ ಮಾತ ಅನ್ನದಾಂವ. ಇಂಥಾವ್ರು ನಾಕ ಮಂದಿ ಎದುರಾಬದುರಾ ಕುಂತ್ರ ಸಾಕಲ್ರಿ, ಮತ್ತೇನ ಬೇಕು?"

ಹುಡುಗಿಯರು ಕಿಸಕ್ಕೆಂದು ನಕ್ಕರು. ಇಡೀ ಜಗತ್ತಿನ ಚಕ್ರವರ್ತಿಗಳ ಪರವಾಗಿ ನಾನೊಬ್ಬನೇ ತಲೆ ತಗ್ಗಿಸಿ ನಿಂತೆ.

ಗೌರಾ ಚೀಲ ಹೆಗಲಿಗೇರಿಸಿ ಸಮಾಧಾನದಿಂದ ಅಂದಳು: "ಇರ್ಲಿ ಬಿಡ್ರಿ. ಸೋಮವಾರ ಭೂಗೋಳದ ಪೇಪರ್ ಐತಿ. ಆ ಪುಸ್ತಕ ತೆಳ್ಳಗೈತಿ, ಲಗೂನ ಮುಗೀತೈತಿ."

ತೆಳ್ಳಗಿದೆ! ಜೀರಿಗೆಗೆ, ಸಾಸಿವೆಗೆ ಹೇಳಿ ಮಾಡಿಸಿದಂಥ ಚಿಕ್ಕ ಹಾಳೆ. ಹೋದ ವಾರ ಕಟ್ಟಿ ಮುಗಿಸಿದ ಆ ಪುಸ್ತಕದ ತುಂಬ ನಕಾಶೆಗಳಿದ್ದವು ಎಂಬುದು ಈಗ ನೆನಪಾಯಿತು. 'ಬೈಂಡಿಂಗ್' ಎಂಬ ಶಬ್ದ ನಾಲಿಗೆಯ ತುದಿಯವರೆಗೆ ಬಂತು. ಅದನ್ನು ನುಂಗಿದೆ.

"ಗೌರಾ, ತಪ್ಪಾತು!" ಎಂದೆ. ನಿಂತ ಜಾಗದಲ್ಲೇ, ಅವಳು ಕೇಳುವ ಮುಂಚೆಯೇ, ಗೇಟಿನ ವಾಚ್‌ಮನ್ನಿಗೂ ಕೇಳುವಷ್ಟು ಜೋರಾಗಿ.

ಇತಿಹಾಸದಿಂದ ಪಾಠ ಕಲಿತ ಮೊದಲ ಮನುಷ್ಯ ನಾನೇ ಇರಬೇಕು. ಅದನ್ನು ಹೇಳಿಕೊಂಡು ಮೆರೆಯಲು ಪುರುಸೊತ್ತು ಸಿಗಲಿಲ್ಲ. ಗಾಡಿಗೆ ಕಿಕ್ ಹೊಡೆದೆ. ಆಫ್ರಿಕಾ ಹಸೀನಾಬಿಯ ಮನೆಯಲ್ಲಿ ಇದ್ದರೂ ಇರಬಹುದು, ಆದರೆ ಆಸ್ಟ್ರೇಲಿಯಾವನ್ನು ಯಾರಿಗೆ ಕಟ್ಟಿಕೊಟ್ಟೆ ಎಂಬುದು ಏನು ಮಾಡಿದರೂ ನೆನಪಾಗಲಿಲ್ಲ.